ಬೀಗದ ಮಾಮ ತೆಗೆಯದ ಬೀಗ

ನನ್ನ ಕಬ್ಬಿಣದ ಸಾಮಾನಿನ ಅಂಗಡಿಯ ಎದುರಿಗೆ, ಬಾಗಿಲಗಲದ ಒಂದು ಸಂದಿಯಲ್ಲಿ ಬೀಗದ ಮಾಮ ಮೂವತ್ತು ವರ್ಷದಿಂದ ಕೂತಿದ್ದಾನೆ. ಬೀದಿಯವರೆಲ್ಲ ಅವನನ್ನು ಕರೆಯುವುದು ಹಾಗೆಯೇ. ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಾಳೆ. ಎಂಥ ಬೀಗವಾದರೂ ಸರಿ, ಕಿವಿಗೆ ಹಿಡಿದು, ಸಣ್ಣ ತಂತಿ ತೂರಿಸಿ, ಮಲಗಿದ ಮಗುವನ್ನು ಎಬ್ಬಿಸುವ ಹಾಗೆ ಮೆಲ್ಲಗೆ ತೆಗೆಯುತ್ತಾನೆ. ಆದರೆ ಒಂದು ಹಟ: ಬೀಗ ಹಾಕಿದವರು ಪಕ್ಕದಲ್ಲಿ ನಿಂತಿರಬೇಕು. ಹೆಂಡತಿಯ ಬೀರು ತೆಗೆಸಲು ಬಂದ ಗಂಡಂದಿರನ್ನು "ಅಮ್ಮಾವ್ರನ್ನ ಕರ್ಕೊಂಡು ಬನ್ನಿ" ಎಂದು ವಾಪಸು ಅಟ್ಟುತ್ತಾನೆ. ಕೈಗೆ ಬಂದ ಗಿರಾಕಿ ಹೀಗೆ ಹೋಗುವುದನ್ನು ಕಂಡು ನನಗೇ ಹೊಟ್ಟೆ ಉರಿಯುತ್ತಿತ್ತು.

ಭಾನುವಾರ ಅವನು ಕ್ರೈಸ್ತರ ಪ್ರಾರ್ಥನಾ ಸಭೆಗೆ ಹೋಗುತ್ತಾನೆ. ಹಿಂದಿನ ಬೀದಿಯ ಕಾಗದದ ವ್ಯಾಪಾರಿಯ ಮನೆಯ ಮಹಡಿಯ ಮೇಲೊಂದು ಉದ್ದನೆಯ ಕೋಣೆ, ನಲವತ್ತು ಕುರ್ಚಿ, ಒಂದು ಮೇಜು. ಕೊನೇ ಕಾಲ ಹತ್ತಿರ ಬಂದಿದೆಯೆನ್ನುವುದರಲ್ಲಿ ಅಲ್ಲಿ ಯಾರಿಗೂ ಸಂಶಯವಿಲ್ಲ. ಮೊದಲು ಹಿಂಸೆ, ತಾಳಿಕೊಂಡವರಿಗೆ ಕಿರೀಟ, ಆಮೇಲೆ ಕರ್ತ ಮತ್ತೆ ಬರುವುದು. ನಾನು ಆ ಸಭೆಯವನಲ್ಲವಾದ್ದರಿಂದ, ಕೀಲಿಕೈ ಉಜ್ಜುವ ಅರ ಕೊಳ್ಳಲು ಅವನು ಅಂಗಡಿಗೆ ಬಂದಾಗ ರೇಗಿಸುವ ಹಕ್ಕು ನನಗಿತ್ತು.

"ಲೋಕ ಮುಗಿಯೋ ಹಾಗಿದ್ರೆ ಹನ್ನೆರಡು ಅರ ಯಾಕೆ ಮಾಮ? ಎರಡು ತಗೋ, ಸಾಕು."

"ಕರ್ತ ಬಂದಾಗ ನನ್ನ ಕೈಯಲ್ಲಿ ಕೆಲಸ ಇರ್ಬೇಕು ಸಾವ್ಕಾರ್ರೇ. ಬಾಯಲ್ಲೇ ಕೆಲಸ ಇರೋದು ನಿಮಗೆ."

ಒಂದು ಭಾನುವಾರ ಸಭೆಯವರು ಮೆಟ್ಟಿಲು ಹತ್ತಿ ನೋಡಿದರೆ ಬಾಗಿಲಿಗೆ ಹೊಸ ಹಿತ್ತಾಳೆ ಬೀಗ. ಮನೆಯ ಯಜಮಾನ ಹೇಳಿಲ್ಲ, ಕೇಳಿಲ್ಲ. ಸಭೆಯ ಅಯ್ಯನವರು ವಾರವೆಲ್ಲ ಶಾಲೆಯಲ್ಲಿ ಲೆಕ್ಕ ಕಲಿಸುವವರು. ಉತ್ತರ ಸರಿಬಂದವರ ಹಾಗೆ ಅವರ ಮುಖ ಅರಳಿತು. "ಹೇಳಿದ್ನಲ್ಲ? ಶುರುವಾಯ್ತು!" ಎಲ್ಲರೂ ಬೀದಿಯ ಕೊನೆಯ ಫುಟ್‌ಪಾತಿನಲ್ಲಿ ಕೂತು ಹಾಡಿದರು. ಎರಡನೇ ಭಾನುವಾರ ಬಿಸಿಲು ಚುರುಗುಟ್ಟಿತು. ಕಷ್ಟ ತಾಳುವ ಹುಮ್ಮಸ್ಸು ಒಂದು ಗಂಟೆಯಲ್ಲೇ ಇಳಿಯಿತು. ಎಲ್ಲರ ಕಣ್ಣು ಬೀಗದ ಮಾಮನ ಮೇಲೆ ಬಿತ್ತು.

"ನಿನಗೆ ಎರಡು ನಿಮಿಷದ ಕೆಲಸ ಅಲ್ವೇನಪ್ಪ?" ಎಂದರು ಅಯ್ಯನವರು.

"ಒಂದು ಸಾಕು ಅಯ್ಯನವರೇ. ಆದ್ರೆ ಹಾಕಿದವರು ಇಲ್ಲಿಲ್ಲ."

"ಹಿಂಸೆ ಕೊಡೋರ ಅಪ್ಪಣೆ ಬೇಕಾ ನಿನಗೆ?"

"ನಮ್ಮಪ್ಪ ಪ್ರಾರ್ಥನೆ ಮಾಡ್ತಾರೆ ಅಂತ ಅವರ ಅಂಗಡಿಗೆ ಬೆಂಕಿ ಹಾಕಿದ್ರು. ನಾನಾಗ ಒಂಬತ್ತು ವರ್ಷದವನು, ಕಣ್ಣಾರೆ ನೋಡಿದೀನಿ. ಬೆಂಕಿ ಹಾಕಿದೋರು ಬೀಗ ಹಾಕೋಕೆ ಬಂದಿರ್ಲಿಲ್ಲ, ಒಡೆಯೋಕೆ ಬಂದಿದ್ರು. ಇದನ್ನ ಯಾರೋ ಆರಿಸಿ ತಂದು ಹಾಕಿದಾರೆ. ಯಾಕೆ ಅಂತ ಒಂದು ಮಾತು ಕೇಳೋಣ."

"ಕೊನೇ ಕಾಲದಲ್ಲಿ ಬಹಳ ಜನರ ಪ್ರೀತಿ ತಣ್ಣಗಾಗುತ್ತೆ ಅಂತ ಬರೆದಿದೆ" ಎಂದು ಅಯ್ಯನವರು ಅವನನ್ನೇ ನೋಡುತ್ತ ಹೇಳಿದರು. ಮುಂದಿನ ಭಾನುವಾರದೊಳಗೆ ಬೀಗ ತೆಗೆಯದಿದ್ದರೆ ಅವನು ಸಭೆಗೆ ಬರಬೇಕಾಗಿಲ್ಲ ಎಂದೂ ಸೇರಿಸಿದರು. ಮಾಮನ ಹೆಂಡತಿ ಅವನ ಪಕ್ಕದಿಂದೆದ್ದು ಆಚೆ ಹೋಗಿ ಕೂತಳು. ಆ ನಲವತ್ತು ಜನ ಬಿಟ್ಟರೆ ಅವನಿಗೆ ಬೇರೆ ಬಂಧುಬಳಗವಿರಲಿಲ್ಲ.

ಸೋಮವಾರ ನನ್ನ ಗಲ್ಲಾದ ಮುಂದೆ ನಿಂತ. ಕಣ್ಣಿಗೆ ನಿದ್ದೆಯಿರಲಿಲ್ಲ.

"ಆ ಬೀಗ ನಿಮ್ಮ ಅಂಗಡೀದು."

"ಹೌದು ಮಾರಾಯ. ಹಿಂಸೆ ಕೊಡೋಕೆ ಅಂತ ಹೇಳಿ ತಗೊಂಡು ಹೋಗ್ಲಿಲ್ಲ ಆ ಮನೆ ಯಜಮಾನ್ರು."

"ತಗೊಳ್ಳೋವಾಗ ಹೇಗಿದ್ರು?"

ನೆನಪು ಮಾಡಿಕೊಂಡೆ. "ಸುಮ್ಮನೆ ನಿಂತಿದ್ರು. ಚೌಕಾಸಿ ಕೂಡ ಮಾಡ್ಲಿಲ್ಲ."

"ಕಾಗದದ ವ್ಯಾಪಾರಿ ಚೌಕಾಸಿ ಮಾಡ್ಲಿಲ್ವಾ?" ಮಾಮ ಗಾಬರಿಯಾದ. "ಹಾಗಾದ್ರೆ ಮನೇಲಿ ಏನೋ ಆಗಿದೆ."

ನಾಚಿಕೆಯಾಯಿತು. ಅದನ್ನು ಅವತ್ತೇ ಗಮನಿಸಬೇಕಾದವನು ನಾನು. ತಂತಿಗಳ ಚೀಲವನ್ನು ನನ್ನಲ್ಲೇ ಬಿಟ್ಟು ಅವನು ಬರಿಗೈಯಲ್ಲಿ ಹೊರಟ. ಹಿಂದೆ ನಾನೂ ಹೋದೆ.

ಬಾಗಿಲು ತೆಗೆದ ವ್ಯಾಪಾರಿ ನಮ್ಮನ್ನು ನೋಡಿ ಗೋಡೆಗೊರಗಿದ. "ಜಗಳಕ್ಕೆ ಬಂದ್ರಾ? ನಮ್ಮಮ್ಮ ಸಾಯ್ತಾ ಇದಾಳೆ. ಹಾಸಿಗೆ ಸರಿಯಾಗಿ ನಿಮ್ಮ ಕೋಣೆ ಕೆಳಗೇ ಇದೆ. ನೀವು ಪ್ರತಿ ವಾರ ಬಂದು ಅಂತ್ಯ ಬಂತು, ಅಂತ್ಯ ಬಂತು ಅಂತ ಅವಳ ತಲೆ ಮೇಲೇ ಹಾಡಿದ್ರೆ ನಾನೇನು ಮಾಡ್ಲಿ? ಹೇಳೋಕೂ ಬಾಯಿ ಬರ್ಲಿಲ್ಲ."

ಬೀಗದ ಮಾಮ ತಲೆ ತಗ್ಗಿಸಿದ. "ತಪ್ಪಾಯ್ತು ಯಜಮಾನ್ರೇ. ಬೀಗ ಇರ್ಲಿ."

ಒಳಗಿನಿಂದ ಸಣ್ಣ ಆದರೆ ಗಟ್ಟಿ ದನಿ ಬಂತು. "ಯಾರೋ ಅದು? ಮೇಲಿನವರಾ? ಕಳ್ಸು ಇಲ್ಲಿ."

ಮುದುಕಿ ದಿಂಬಿಗೊರಗಿದ್ದಳು, ಹಿಡಿಯಷ್ಟು ದೇಹ. "ಅವನು ಬರ್ತಾನೆ ಅಂತ ಹಾಡ್ತೀರಲ್ಲ, ಯಾವಾಗಂತೆ?"

"ದಿನ ಗೊತ್ತಿಲ್ಲ ಅಜ್ಜಿ. ಬರೋದು ಮಾತ್ರ ನಿಜ."

"ಬಂದ ಮೇಲೆ ನೋವಿರಲ್ಲ ಅಂತ ಒಂದು ಹಾಡಿತ್ತು. ಅದರ ಕೊನೇ ಸಾಲು ಮರೆತುಹೋಗಿದೆ. ಎರಡು ವಾರದಿಂದ ಕಾಯ್ತಿದೀನಿ, ಮೇಲೆ ಯಾರೂ ಹಾಡ್ತಿಲ್ಲ."

ಬೀಗದ ಮಾಮ ಗಂಟಲು ಸರಿಮಾಡಿಕೊಂಡು, ಆತನೇ ಕಣ್ಣೀರೊರಸುವನು ಎಂಬ ಸಾಲನ್ನು ಹಾಡಿದ. ನನ್ನ ಅಂಗಡಿಯ ತುಕ್ಕು ಹಿಡಿದ ಕೀಲೂ ಅದಕ್ಕಿಂತ ಶ್ರುತಿಬದ್ಧವಾಗಿ ಕಿರುಗುಟ್ಟುತ್ತದೆ.

"ಓ, ರಾಗ ತಪ್ಪೋನು ನೀನೇನಾ?" ಎಂದಳು ಮುದುಕಿ. "ಮಾತು ಚೆನ್ನಾಗಿದೆ ಬಿಡು."

ವ್ಯಾಪಾರಿ ಕಣ್ಣೊರಸಿಕೊಂಡು ಬೀಗದ ಕೈ ತಂದುಕೊಟ್ಟ. ಮಾಮ ತೆಗೆದುಕೊಳ್ಳಲಿಲ್ಲ. "ಹಾಕಿದವರು ನೀವು. ನೀವೇ ಬಂದು ತೆಗೀರಿ."

ಭಾನುವಾರ ವ್ಯಾಪಾರಿ ಎಲ್ಲರೆದುರು ಬೀಗ ತೆಗೆದ, ಹಾಕಿದ ಕಾರಣವನ್ನೂ ಹೇಳಿದ. ಅಯ್ಯನವರು ಕೈಯಲ್ಲಿದ್ದ ಪುಸ್ತಕವನ್ನು ಮೇಜಿನ ಮೇಲಿಟ್ಟರು. ಆಮೇಲೆ ಬೀಗದ ಮಾಮನ ಹತ್ತಿರ ಹೋಗಿ, "ಪ್ರೀತಿ ತಣ್ಣಗಾಗಿದ್ದು ನಂದೇ ಕಣಪ್ಪ" ಎಂದರು. ಅವನ ಹೆಂಡತಿ ತನ್ನ ಪಕ್ಕದ ಕುರ್ಚಿಯಿಂದ ಚೀಲ ತೆಗೆದು ಕೆಳಗಿಟ್ಟಳು.

ಎಲ್ಲರೂ ಪಿಸುದನಿಯಲ್ಲಿ ಹಾಡತೊಡಗಿದರು. ಎರಡು ಸಾಲು ಮುಗಿಯುವುದರೊಳಗೆ ವ್ಯಾಪಾರಿ ಏದುಸಿರು ಬಿಡುತ್ತ ಮತ್ತೆ ಮೆಟ್ಟಿಲು ಹತ್ತಿ ಬಂದ.

"ಅಮ್ಮನಿಗೆ ಕೇಳಿಸ್ತಿಲ್ವಂತೆ, ಜೋರಾಗಿ ಹಾಡ್ಬೇಕಂತೆ" ಎಂದವನು ಬೀಗದ ಮಾಮನ ಕಡೆ ತಿರುಗಿ, ಸಂಕೋಚದಿಂದ, "ನೀವೊಬ್ಬರು ಸ್ವಲ್ಪ ಮೆಲ್ಲಗೆ" ಎಂದ.