ಪಕ್ಕದ ಸಮಾಧಿಯವನ ಮಾತು

ಮೊದಲೇ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ಮೈಮೇಲೆ ಬಂದದ್ದು, ಸತ್ತವರು ಕನಸಿನಲ್ಲಿ ಕಾಣಿಸಿ ದಾರಿ ತೋರಿಸಿದ್ದು, ಇಂಥದ್ದನ್ನೆಲ್ಲ ಯಾರಾದರೂ ಹೇಳತೊಡಗಿದರೆ ನಾನು ಎದ್ದು ಹೋಗುತ್ತಿದ್ದವನು. ಧಾರವಾಡದಲ್ಲಿ ನನ್ನ ಸೋದರತ್ತೆ ಒಮ್ಮೆ ತೀರಿಹೋದ ಗಂಡನ ಕೆಮ್ಮು ಕೇಳಿಸಿತೆಂದು ಹೇಳಿದಾಗ, ನಾಲ್ಕು ಜನರ ಎದುರಿಗೆ ಆಕೆಯನ್ನು ಅಣಕಿಸಿ ಅಳಿಸಿದ್ದೆ. ಆಗ ನನಗೆ ಇಪ್ಪತ್ತೂ ಆಗಿರಲಿಲ್ಲ. ಆಮೇಲೆ ವಯಸ್ಸಾದರೂ ನನ್ನ ಅಭಿಪ್ರಾಯವೇನೂ ಬದಲಾಗಲಿಲ್ಲ. ಈಗ ಹೇಳಹೊರಟಿರುವ ಸಂಗತಿ ನನಗೇ ಆಗಿರದಿದ್ದರೆ ಇದನ್ನೂ ನಾನು ನಂಬುತ್ತಿರಲಿಲ್ಲ. ನೀವು ನಂಬಬೇಕೆಂದೂ ಕೇಳುವುದಿಲ್ಲ.

ಐವತ್ತರ ದಶಕದ ನಡುವಿನ ಮಾತು. ಮುಂಬಯಿಯ ಫೋರ್ಟಿನಲ್ಲಿ, ಒಂದು ಹಳೆಯ ಕಟ್ಟಡದ ಮೂರನೆಯ ಮಾಳಿಗೆಯಲ್ಲಿ ನನಗೆ ಗುಮಾಸ್ತೆಯ ಕೆಲಸ. ಎರಡನೆಯ ಮಹಾಯುದ್ಧದಲ್ಲಿ ಸತ್ತು ಹೊರದೇಶಗಳಲ್ಲೇ ಹೂಳಲ್ಪಟ್ಟ ನಮ್ಮ ಸಿಪಾಯಿಗಳ ಮನೆಯವರನ್ನು ಹುಡುಕಿ, ನಿಮ್ಮವನು ಇಂಥ ಊರಿನ ಸ್ಮಶಾನದಲ್ಲಿ, ಇಂಥ ಸಾಲಿನಲ್ಲಿ, ಇಷ್ಟನೆಯ ಸಮಾಧಿಯಲ್ಲಿದ್ದಾನೆ ಎಂದು ತಿಳಿಸುವುದು ನಮ್ಮ ಕಚೇರಿಯ ಕೆಲಸವಾಗಿತ್ತು. ಇಟಲಿಯಿಂದ, ಆಫ್ರಿಕಾದಿಂದ, ಬರ್ಮಾದಿಂದ ಪಟ್ಟಿಗಳು ಬರುತ್ತಿದ್ದವು. ಹೆಸರುಗಳನ್ನು ಯಾರೋ ಬಿಳಿಯ ಕಾರಕೂನರು ಕಿವಿಗೆ ಬಿದ್ದಂತೆ ಬರೆದುಕೊಂಡಿದ್ದರು. ಊರುಗಳಂತೂ ಗುರುತೇ ಸಿಗದಷ್ಟು ಕೆಟ್ಟಿರುತ್ತಿದ್ದವು. ಅವನ್ನು ಬಿಡಿಸಿ, ಪಲ್ಟನ್ನಿನ ಹಳೆಯ ಪಟ್ಟಿಯೊಂದಿಗೆ ಹೊಂದಿಸಿ ನೋಡುತ್ತಿದ್ದೆ. ಬೆಳಗಾವಿ, ಧಾರವಾಡ, ವಿಜಾಪುರದ ಕಡೆಯ ಹೆಸರುಗಳು ಬಂದರೆ ಅವು ನನ್ನ ಮೇಜಿಗೇ ಬರುತ್ತಿದ್ದವು. ಮೊದಲ ವರ್ಷ ಒಂದೊಂದು ಹೆಸರನ್ನೂ ಎರಡೆರಡು ಸಲ ಓದುತ್ತಿದ್ದೆ. ಮೂರನೆಯ ವರ್ಷದ ಹೊತ್ತಿಗೆ ಅದೂ ಉಳಿದೆಲ್ಲ ಕೆಲಸಗಳಂತೆ ಒಂದು ಕೆಲಸವಾಗಿತ್ತು. ಒಂದೂವರೆಗೆ ಕೆಳಗಿಳಿದು ಉಡುಪಿ ಹೋಟೆಲಿನಲ್ಲಿ ಊಟ ಮಾಡಿ, ಎರಡೂಕಾಲಿಗೆ ಬಂದು ಮತ್ತೆ ಸತ್ತವರ ಹೆಸರು ತಿದ್ದುತ್ತಿದ್ದೆ.

ನಾನಿದ್ದದ್ದು ವಿಲೆ ಪಾರ್ಲೆಯಲ್ಲಿ. ಒಮ್ಮೆ ಮನೆಯವರಿಗೆ ಕಳಿಸಲೆಂದು ಬಂದ ಸಮಾಧಿಗಳ ಫೋಟೋಗಳ ಲಕೋಟೆಯಲ್ಲಿ ಒಂದರ ವಿಳಾಸ ನನ್ನ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿತ್ತು. ಲಿಯೋ ಎಂಬ ಮಂಗಳೂರು ಕಡೆಯ ಕ್ರೈಸ್ತರ ಹುಡುಗ, ಸೈನ್ಯದಲ್ಲಿ ಆಂಬುಲೆನ್ಸ್ ಓಡಿಸುತ್ತಿದ್ದವನು, ಇಟಲಿಯಲ್ಲಿ ಸತ್ತಿದ್ದ. ಅವನ ತಾಯಿ ಸೆರಫಿನ್ ಬಾಯಿ ಇಗರ್ಜಿಯ ಹಿಂದಿನ ಒಂದೇ ಕೋಣೆಯ ಮನೆಯಲ್ಲಿ ಮಕ್ಕಳ ಫ್ರಾಕು ಹೊಲಿದುಕೊಂಡು ಒಬ್ಬಳೇ ಇದ್ದಳು. ಅಂಚೆಗೆ ಹಾಕುವ ಬದಲು ನಾನೇ ಕೊಟ್ಟು ಬರೋಣವೆಂದು ಒಂದು ಭಾನುವಾರ ಮಧ್ಯಾಹ್ನ ಹೋದೆ. ಒಳ್ಳೆಯ ಬಿಸಿಲು. ಹೊರಗೆ ಹುಡುಗರು ಗೋಲಿ ಆಡುತ್ತಿದ್ದರು. ಹೆದರಿಕೆ ಹುಟ್ಟಿಸುವಂಥದ್ದು ಅಲ್ಲಿ ಏನೂ ಇರಲಿಲ್ಲ. ಇದನ್ನು ಮುದ್ದಾಂ, ಬೇಕೆಂದೇ ಹೇಳುತ್ತಿದ್ದೇನೆ.

ಆಕೆ ಫೋಟೋವನ್ನು ಸೆರಗಿನಿಂದ ಒರೆಸಿ ಬಹಳ ಹೊತ್ತು ನೋಡಿದಳು. ಅಳಲಿಲ್ಲ. ಬಿಳಿಯ ಕಲ್ಲು, ಅದರ ಮೇಲೆ ಶಿಲುಬೆ, ಲಿಯೋನ ಹೆಸರು, ಬುಡದಲ್ಲಿ ಒಂದಿಷ್ಟು ಹುಲ್ಲು. ಫೋಟೋದ ಅಂಚಿನಲ್ಲಿ ಪಕ್ಕದ ಸಮಾಧಿಯ ಗುರುತು ಅರ್ಧ ಬಿದ್ದಿತ್ತು. ಆಕೆ ಬೆರಳನ್ನು ಅದರ ಮೇಲಿಟ್ಟು ಕೇಳಿದಳು.

“ಇದು ಯಾರದ್ದು ಮಾರಾಯ್ರೆ?”

ಅದು ಗುರುತು ಸಿಗದವನ ಸಮಾಧಿ, ನಮ್ಮ ದೇಶದ ಸಿಪಾಯಿ ಎಂಬುದಷ್ಟೇ ಗೊತ್ತು, ಹೆಸರು ಗೊತ್ತಿಲ್ಲ ಎಂದೆ.

“ಹೆಸರು ಇಲ್ಲದೆ ಹೇಗೆ? ಅವನಿಗೂ ಅಮ್ಮ ಇರ್ತಾಳಲ್ಲ. ಅವಳಿಗೆ ಗೊತ್ತುಂಟಾ, ಇವ ಇಲ್ಲಿ ಉಂಟು ಅಂತ?”

ಇಂಥವರು ಸಾವಿರಾರು ಜನ ಇದ್ದಾರೆಂದು ಏನೋ ಹೇಳಿದೆ. ಆಕೆ ತಲೆಯಾಡಿಸಿದಳು. ಒಲೆಯ ಮೇಲೆ ಚಹದ ನೀರು ಇತ್ತು. ಅದು ಕುದಿಯುವವರೆಗೆ ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡು ಬೆತ್ತದ ಕುರ್ಚಿಯಲ್ಲಿ ಕೂತಳು. ನಾನು ಬಾಗಿಲ ಕಡೆ ನೋಡುತ್ತಿದ್ದೆ.

ಆಗ ಆಕೆ ಮಾತಾಡಿದಳು. ದನಿ ಆಕೆಯದೇ, ಅದೇ ತೆಳ್ಳನೆಯ ದನಿ. ಆದರೆ ಮಾತು ಆಕೆಯದಲ್ಲ.

“ಅವ್ವಗ ಹೇಳ್ರಿ. ನನ್ನ ಸುಟ್ಟಿಲ್ಲ, ಮಣ್ಣಾಗ ಅದೀನಿ. ಕೊಳ್ಳಾಗಿಂದು ಕೊಳ್ಳಾಗನ ಐತಿ.”

ನಾನು ತಿರುಗಿ ನೋಡಿದೆ. ಆಕೆಯ ಕಣ್ಣುಗಳು ತೆರೆದೇ ಇದ್ದವು. ನಿದ್ದೆಯಲ್ಲಿ ಇರಲಿಲ್ಲ. ಒಂದೆರಡು ಕ್ಷಣ ಬಿಟ್ಟು, ನೀರು ಕುದಿಯಿತೆಂದು ಎದ್ದು ಹೋಗಿ, ಅಲ್ಲಿಂದಲೇ “ಸಕ್ಕರೆ ಎಷ್ಟು ಹಾಕ್ಲಿ ನಿಮ್ಗೆ?” ಎಂದು ಕೇಳಿದಳು.

ಕನ್ನಡ ಓದುವವರಿಗೆ ಇದರ ವಿಚಿತ್ರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಕೊಂಕಣಿ ಆಡುವ, ಹೊರಗೆ ಮಂಗಳೂರಿನ ಕನ್ನಡ ಆಡುವ ಹೆಂಗಸು ಆಕೆ. ನಾನು ಕೇಳಿದ್ದು ನಮ್ಮ ಕಡೆಯ ಮಾತು. ನಮ್ಮ ಕಡೆಯದೆಂದರೆ ಧಾರವಾಡದ ಪೇಟೆಯದೂ ಅಲ್ಲ, ಬೆಳಗಾವಿಯ ಹಳ್ಳಿಗಳ ಕಡೆಯದು. ಕೊರಳಲ್ಲಿದ್ದದ್ದು ಕೊರಳಲ್ಲೇ ಇದೆ ಎಂಬ ಆ ಮಾತಿನ ಅರ್ಥವಂತೂ ಆಕೆಗೆ ಇನ್ನೂ ದೂರದ್ದು. ಲಿಂಗಾಯತರು ಸತ್ತವರನ್ನು ಸುಡುವುದಿಲ್ಲ, ಕೊರಳಲ್ಲಿ ಕಟ್ಟಿಕೊಂಡ ಲಿಂಗದ ಸಮೇತ ಮಣ್ಣು ಮಾಡುತ್ತಾರೆ. ಸೆರಫಿನ್ ಬಾಯಿಗೆ ಇದು ಗೊತ್ತಿರಲು ಕಾರಣವೇ ಇರಲಿಲ್ಲ.

ನಾನು ಏನು ಮಾಡಿದೆ? ಚಹ ಕುಡಿದೆ. ಬಿಸಿ ಇದ್ದದ್ದರಿಂದ ಬಸಿಯಲ್ಲಿ ಹಾಕಿಕೊಂಡು ಕುಡಿದೆ. ಮನೆಗೆ ಬರುವ ದಾರಿಯಲ್ಲಿ, ನೆರೆಹೊರೆಯಲ್ಲಿ ನಮ್ಮ ಕಡೆಯವರು ಯಾರೋ ಇರಬೇಕು, ಕೇಳಿದ್ದನ್ನು ಮುದುಕಿ ಆಡಿರಬೇಕು ಎಂದುಕೊಂಡೆ. ಮನೆಗೆ ಬಂದ ಮೇಲೆ ನನಗೇ ತೂಕಡಿಕೆ ಬಂದಿರಬೇಕು ಎಂದುಕೊಂಡೆ. ಹೆಂಡತಿಗೂ ಹೇಳಲಿಲ್ಲ.

ಮರುದಿನ ಕಚೇರಿಯಲ್ಲಿ ಪಕ್ಕದ ಸಮಾಧಿಯ ಸಂಖ್ಯೆಯನ್ನು ಒಂದು ಚೀಟಿಯ ಮೇಲೆ ಬರೆದುಕೊಂಡೆ. ಆ ಸಮಾಧಿಯ ದಫನಿನ ವರದಿ ಕಳಿಸಿ ಎಂದು ಹೊರದೇಶಕ್ಕೆ ಒಂದು ಕಾಗದ ಬರೆದರೆ ಸಾಕಿತ್ತು. ಆದರೆ ಅದಕ್ಕೆ ನಮ್ಮ ಸುಪರಿಂಟೆಂಡೆಂಟರ ಸಹಿ ಬೇಕು. ಅವರು ಕಾರಣ ಕೇಳುವವರು. ಏನೆಂದು ಹೇಳುವುದು? ಪಾರ್ಲೆಯ ಮುದುಕಿಯೊಬ್ಬಳ ಬಾಯಲ್ಲಿ ಸತ್ತವನು ಮಾತಾಡಿದ ಎಂದೇ? ನಗೆಗೀಡಾಗುವ ಭಯ ನನಗೆ ಯಾವಾಗಲೂ ಜಾಸ್ತಿ. ಬೇರೇನಾದರೂ ನೆಪ ಹೇಳಬಹುದಿತ್ತು, ನೂರು ನೆಪಗಳಿದ್ದವು. ಹೇಳಲಿಲ್ಲ. ಚೀಟಿ ಮೇಜಿನ ಖಾನೆಯಲ್ಲಿ ಉಳಿಯಿತು. ಒಂದು ವಾರ ಅದು ಕಣ್ಣಿಗೆ ಬೀಳುತ್ತಿತ್ತು, ಆಮೇಲೆ ಅದರ ಮೇಲೆ ಬೇರೆ ಕಾಗದಗಳು ಬಿದ್ದವು.

ನಾಲ್ಕು ತಿಂಗಳು ಕಳೆದವು. ಗುರುತು ಸಿಗದವರ ಸಮಾಧಿಗಳಿಗೂ ಕಲ್ಲು ಕಡೆಸುವುದಿದೆ, ಅದಕ್ಕೆ ಮುಂಚೆ ಕೊನೆಯ ಸಲ ನೋಡಿಬಿಡಿ ಎಂದು ಅಲ್ಲಿಂದಲೇ ವರದಿಗಳ ಒಂದು ಕಟ್ಟು ಬಂತು. ತಿರುವಿಹಾಕುತ್ತಿದ್ದಾಗ ಆ ಸಂಖ್ಯೆ ಸಿಕ್ಕಿತು. ಎತ್ತರ ಇಷ್ಟು, ಹಲ್ಲು ಹೀಗೆ, ಬೂಟಿನ ಅಳತೆ ಇಷ್ಟು ಎಂದು ಬರೆದು ಕೆಳಗೆ ಇನ್ನೊಂದು ಸಾಲು ಇತ್ತು. ಕೊರಳಲ್ಲಿ ದಾರಕ್ಕೆ ಕಟ್ಟಿದ, ಮೊಟ್ಟೆಯ ಆಕಾರದ ಪುಟ್ಟ ಬೆಳ್ಳಿಯ ಡಬ್ಬಿ. ಮುಚ್ಚಳಕ್ಕೆ ತಾಮ್ರದ ತಂತಿ ಸುತ್ತಿದೆ. ತಾಯಿತ ಇರಬಹುದು. ಶವದ ಮೇಲೆಯೇ ಬಿಡಲಾಗಿದೆ.

ಅದನ್ನು ಬರೆದ ಪರದೇಶದ ಅಧಿಕಾರಿಗೆ ಅದು ತಾಯಿತ. ನನಗೆ ಅದು ಲಿಂಗವಿಡುವ ಕರಡಿಗೆ ಎಂದು ಓದಿದ ಕೂಡಲೇ ತಿಳಿಯಿತು. ಅಂದೇ ಬೆಳಗಾವಿ ಜಿಲ್ಲೆಯಿಂದ ಬಂದ ಹಳೆಯ ಅರ್ಜಿಗಳ ಕಪಾಟು ತೆರೆದು ಕೂತೆ. ಮೂರನೆಯ ದಿನ ಸಿಕ್ಕಿತು. ನೀಲವ್ವ ಎಂಬ ತಾಯಿಯ ಪರವಾಗಿ ಅವರೂರಿನ ಶಾಲೆಯ ಮಾಸ್ತರರು ಚೊಕ್ಕ ಅಕ್ಷರದಲ್ಲಿ ಬರೆದ ಕಾಗದ. ಮಗ ಇಟಲಿಯಲ್ಲಿ ಕಾಣೆಯಾದನೆಂದು ಟೆಲಿಗ್ರಾಂ ಬಂದಿತ್ತು. ಕೊರಳಲ್ಲಿ ಬೆಳ್ಳಿಯ ಕರಡಿಗೆ ಇತ್ತು, ಮುಚ್ಚಳ ಸಡಿಲಾಗಿದ್ದರಿಂದ ತಾನೇ ತಾಮ್ರದ ತಂತಿ ಸುತ್ತಿ ಕಳಿಸಿದ್ದಳು. ಕೊನೆಯಲ್ಲಿ ಮಾಸ್ತರರು ಆಕೆಯ ಮಾತನ್ನು ಹಾಗೆಯೇ ಬರೆದಿದ್ದರು: “ನನ್ನ ಮಗನ್ನ ಸುಟ್ಟರೋ, ಮಣ್ಣು ಮಾಡಿದರೋ, ಅಷ್ಟು ತಿಳಿಸಿದರೂ ಸಾಕು.”

ಆ ಕಾಗದದ ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ‘ಮಾಹಿತಿ ಇಲ್ಲವೆಂದು ಉತ್ತರಿಸಿದೆ’ ಎಂದು ಷರಾ ಇತ್ತು. ಷರಾ ನನ್ನದು. ಕೆಳಗೆ ನನ್ನದೇ ಚಿಕ್ಕ ಸಹಿ. ಬರೆದದ್ದು ನನಗೆ ಒಂದಿಷ್ಟೂ ನೆನಪಿರಲಿಲ್ಲ.

ಅದಕ್ಕೆ ಒಂದು ಕಾರ್ಡನ್ನು ಟಾಚಣಿಯಿಂದ ಚುಚ್ಚಿದ್ದರು. ಊರು ಬಿಟ್ಟಿದ್ದೇನೆ, ಮುಂಬಯಿಯಲ್ಲಿ ಕಿರಿಯ ಮಗನ ಹತ್ತಿರ ಇದ್ದೇನೆ, ಏನಾದರೂ ತಿಳಿದರೆ ಈ ವಿಳಾಸಕ್ಕೆ ತಿಳಿಸಿ ಎಂದಿತ್ತು. ದಾದರಿನ ಒಂದು ಚಾಳಿನ ವಿಳಾಸ. ದಿನಾ ಹೋಗುವಾಗ ಬರುವಾಗ ನನ್ನ ಲೋಕಲ್ ನಿಲ್ಲುತ್ತಿದ್ದ ದಾದರ್.

ಅಂದು ಕಚೇರಿ ಬಿಟ್ಟವನೇ ದಾದರಿನಲ್ಲಿ ಇಳಿದೆ. ಚಾಳು ಹುಡುಕುವುದು ಕಷ್ಟವಾಗಲಿಲ್ಲ. ಗಿರಣಿಯಿಂದ ಆಗಷ್ಟೇ ಬಂದು ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದ ಈರಣ್ಣನೇ ನೀಲವ್ವನ ಕಿರಿಯ ಮಗ. ನಿಮ್ಮ ತಾಯಿಯವರನ್ನು ನೋಡಬೇಕಿತ್ತು ಎಂದೆ. ಅವನು ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ನನ್ನನ್ನು ಮೇಲಿಂದ ಕೆಳಗೆ ನೋಡಿದ.

“ಅವ್ವ ಹೋಗಿ ಎರಡು ತಿಂಗಳಾತ್ರಿ ಸಾಹೇಬ್ರ. ಊರಿಗೆ ಒಯ್ದು ಮಣ್ಣು ಮಾಡಿ ಬಂದೇವಿ.”

ಎರಡು ತಿಂಗಳು. ಆ ಭಾನುವಾರದಿಂದ ನಾಲ್ಕು. ಲೆಕ್ಕ ಮಾಡುವ ಅಗತ್ಯವೇ ಇರಲಿಲ್ಲ.

ಅವನ ಹೆಂಡತಿ ಚಾಪೆ ಹಾಸಿದಳು. ನಾನು ವರದಿಯನ್ನು ತೆಗೆದು, ಆ ಸಾಲನ್ನು ಕನ್ನಡ ಮಾಡಿ ಓದಿದೆ. ತಾಮ್ರದ ತಂತಿಯ ಮಾತು ಬಂದಾಗ ಈರಣ್ಣ ಕೈಯೆತ್ತಿ ನನ್ನನ್ನು ತಡೆದ.

“ಹಂಗಾದ್ರ ಸುಟ್ಟಿಲ್ಲ?” ಎಂದ.

“ಇಲ್ಲ.”

“ಖಾತ್ರಿ ಏನ್ರಿ?”

“ಖಾತ್ರಿ. ಸಮಾಧಿ ಇದೆ. ಕರಡಿಗೆ ಮೈಮೇಲೇ ಇದೆ.”

“ಅವ್ವ ಅದನ್ನ ಕೇಳ್ಕೋತ ಹೋದ್ಲು ನೋಡ್ರಿ. ಅಣ್ಣ ಸತ್ತದ್ದು ಆಕಿ ಹೆಂಗರ ಸೈಸಿಕೊಂಡಿದ್ಲು. ಬೆಂಕಿಗೆ ಹಾಕಿದರೋ ಏನೋ ಅನ್ನೂದ ಆಕಿಗೆ ದೊಡ್ಡ ಸಂಕಟ. ಕಡೀ ದಿನಾನೂ ಅದನ್ನ ಕೇಳಿದ್ಲು. ನಾ ಏನ್ ಹೇಳ್ಲಿ? ಗೊತ್ತಿಲ್ಲವ್ವ ಅಂದೆ.” ಆಮೇಲೆ ನನ್ನ ಕಡೆ ತಿರುಗಿ, “ಈಗ ಹೆಂಗ ಗೊತ್ತಾತ್ರಿ ನಿಮಗ?” ಎಂದು ಕೇಳಿದ.

ಕಾಗದಪತ್ರ ನೋಡುವಾಗ ಸಿಕ್ಕಿತು ಎಂದೆ. ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ನಾಲ್ಕು ತಿಂಗಳ ಹಿಂದೆಯೇ ನನಗೆ ಈ ಮಾತು ಬಂದು ಮುಟ್ಟಿತ್ತು, ನಾನು ಅದನ್ನು ಚೀಟಿ ಮಾಡಿ ಖಾನೆಯಲ್ಲಿಟ್ಟಿದ್ದೆ ಎಂದು ಆ ಮನುಷ್ಯನ ಮುಖ ನೋಡಿ ಹೇಳಲು ನನಗೆ ಧೈರ್ಯವಾಗಲಿಲ್ಲ. ಹೊರಡುವಾಗ ಅವನು ನನ್ನ ಕಾಲು ಮುಟ್ಟಲು ಬಂದ. ಹಿಂದೆ ಸರಿದೆ. ಇಷ್ಟು ದೂರ ನಮ್ಮನ್ನು ಹುಡುಕಿಕೊಂಡು ಬಂದಿರಲ್ಲ ಎಂದು ಮೆಟ್ಟಿಲಿನವರೆಗೆ ಬಂದು ಕಳಿಸಿಕೊಟ್ಟ. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿಲ್ಲ.

ಮುಂದಿನ ಭಾನುವಾರ ಸೆರಫಿನ್ ಬಾಯಿಯ ಮನೆಗೆ ಹೋದೆ. ಪಕ್ಕದವನ ಹೆಸರು ಸಿಕ್ಕಿತೆಂದಾಗ ಆಕೆ ಶಿಲುಬೆಯ ಗುರುತು ಮಾಡಿಕೊಂಡಳು. ಅಂದು ನೀವು ಒಂದು ಮಾತು ಹೇಳಿದಿರಿ, ನೆನಪಿದೆಯೇ ಎಂದು ಕೇಳಿದೆ.

“ನಾನು ಎಂಥ ಹೇಳಿದ್ದು? ಅವನಿಗೆ ಅಮ್ಮ ಇರ್ತಾಳಲ್ಲ ಅಂತ ಹೇಳಿದ್ದು.”

ಅದಲ್ಲ, ಆಮೇಲೆ ಎಂದೆ. ಆಮೇಲೆ ಚಹ ಮಾಡಿದೆನಲ್ಲ ಎಂದಳು. ಕೊನೆಗೆ ನಾನೇ ಆ ಮಾತನ್ನು ಇದ್ದ ಹಾಗೆಯೇ ಆಕೆಗೆ ಹೇಳಿ ತೋರಿಸಿದೆ. ಆಕೆ ಎರಡು ಸಲ ಹೇಳಿಸಿದಳು.

“ಕೊಳದಲ್ಲಿ ಎಂಥ ಉಂಟಂತೆ? ನಂಗೆ ನಿಮ್ಮ ಆ ಕಡೆ ಭಾಷೆ ಅರ್ಥ ಆಗುದಿಲ್ಲ ಮಾರಾಯ್ರೆ.”

ಆಕೆ ನಟಿಸುತ್ತಿರಲಿಲ್ಲ. ಕೊರಳನ್ನು ಕೊಳವೆಂದು ತಿಳಿದಿದ್ದಳು. ನೆರೆಹೊರೆಯಲ್ಲೆಲ್ಲ ವಿಚಾರಿಸಿದೆ, ನಮ್ಮ ಕಡೆಯವರು ಒಬ್ಬರೂ ಇರಲಿಲ್ಲ. ಹೋಗಲಿ, ನೀಲವ್ವನ ಕಾಗದವನ್ನು ನಾನೇ ಹಿಂದೆ ಓದಿದ್ದೆನಲ್ಲ, ಮರೆತದ್ದು ಮನಸ್ಸಿನ ತಳದಲ್ಲಿದ್ದು ಅಂದು ನನ್ನ ಕಿವಿಗೇ ಹಾಗೆ ಕೇಳಿಸಿರಬಹುದು ಎಂದು ಎಷ್ಟೋ ವರ್ಷ ಸಮಾಧಾನ ಹೇಳಿಕೊಂಡೆ. ಆದರೆ ಆ ಕಾಗದದಲ್ಲಿ ಇದ್ದದ್ದು ಪ್ರಶ್ನೆ. ನಾನು ಕೇಳಿದ್ದು ಉತ್ತರ. ಲಿಯೋನ ಪಕ್ಕದಲ್ಲಿರುವವನು ನೀಲವ್ವನ ಮಗನೆಂದು ಆಗ ಈ ಭೂಮಿಯ ಮೇಲೆ ಯಾರಿಗೂ ತಿಳಿದಿರಲಿಲ್ಲ.

ಹೆಸರು ಕಲ್ಲಿನ ಮೇಲೆ ಬಂತು. ಅದಕ್ಕೆ ನಾನು ಬರೆದ ಟಿಪ್ಪಣಿಯನ್ನು ಸುಪರಿಂಟೆಂಡೆಂಟರು ಮೆಚ್ಚಿಕೊಂಡು ಎಲ್ಲರಿಗೂ ತೋರಿಸಿದರು. ಒಂದೇ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಹೊಸ ಕಲ್ಲಿನ ಫೋಟೋವನ್ನು ಈರಣ್ಣನಿಗೆ ಅಂಚೆಯಲ್ಲಿ ಕಳಿಸಿದೆ. ಮತ್ತೆ ಆ ಚಾಳಿಗೆ ಹೋಗಲು ನನ್ನಿಂದ ಆಗಲಿಲ್ಲ.

ಈಗ ನನಗೆ ವಯಸ್ಸಾಗಿದೆ, ಯಾರಾದರೂ ನಕ್ಕರೂ ನಡೆದೀತು. ಅಂದು ಆ ಕೋಣೆಯಲ್ಲಿ ಮಾತಾಡಿದವರು ಯಾರು ಎಂದು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಆ ಮಾತು ಯಾರಿಗೆ ಮುಟ್ಟಬೇಕಾಗಿತ್ತು ಎಂಬುದು ಮಾತ್ರ ಅದರ ಮೊದಲ ಶಬ್ದದಲ್ಲೇ, ‘ಅವ್ವಗ’ ಎಂಬುದರಲ್ಲೇ ಸ್ಪಷ್ಟವಾಗಿತ್ತು. ನೀಲವ್ವ ಆ ಭಾನುವಾರದ ಆಮೇಲೆ ಇನ್ನೂ ಎರಡು ತಿಂಗಳು ಬದುಕಿದ್ದಳು, ದಾದರಿನಲ್ಲಿ. ನಾನು ಹೇಳಲಿಲ್ಲ.