ಏಳನೆಯ ಮನೆಯ ಹುಳಗಳು

ಎರಡು ಜಾಡಿಗಳನ್ನು ಒಂದೇ ತಟ್ಟೆಯಲ್ಲಿ ಇಟ್ಟೆನೇ? ಶುಕ್ರವಾರ ಬಿಳಿ ದಾರದ ಜಾಡಿಯನ್ನು ಕಟ್ಟಿದ ಮೇಲೆ ತಾನೇ ಕಪ್ಪು ದಾರದ್ದನ್ನು ಬಿಚ್ಚಿದ್ದು? ಅಥವಾ ಕೋಳಿ ರೆಕ್ಕೆ ಬಡಿದು ಗಲಾಟೆ ಮಾಡಿದ ಆ ಒಂದು ನಿಮಿಷ ಎರಡರ ಬಾಯೂ ತೆರೆದಿತ್ತೇ? ನಿಕಾನೋರ್ ಲೆದೆಸ್ಮಾ ಆ ನಿಮಿಷವನ್ನು ಮತ್ತೆ ಮತ್ತೆ ನೆನಪಿಗೆ ತಂದುಕೊಳ್ಳುತ್ತಿದ್ದಾರೆ. ನೆನಪು ಬರುತ್ತದೆ, ಆದರೆ ಪ್ರತಿ ಸಲವೂ ಬೇರೆ ಥರ ಬರುತ್ತದೆ.

ಸೋಮವಾರ, ಬೆಳಗಿನ ಐದೂವರೆ. ಸಾಂತಿಯಾಗೊ ದೆಲ್ ಎಸ್ತೆರೊ ಊರಿನ ಅಂಚಿನಲ್ಲಿ, ವಿಜ್ಞಾನ ಮಂಡಳಿಯ ಸಂಶೋಧನಾ ಕೇಂದ್ರದ ಹಿಂದಿನ ಕೋಣೆ. ಬಿಳಿ ತಟ್ಟೆಯ ಅಂಚಿನಲ್ಲಿ ಹುಣಸೆಬೀಜದಷ್ಟು ದೊಡ್ಡ ಮರಿಹುಳವೊಂದು ಅಲುಗಾಡದೆ ಕೂತಿದೆ. ರೆಕ್ಕೆ ಇನ್ನೂ ಮೂಡಿಲ್ಲ. ಅದರ ಎಡಕ್ಕೆ ಬಿಳಿ ದಾರದ ಒಂಬತ್ತನೆಯ ಜಾಡಿ, ಬಲಕ್ಕೆ ಕಪ್ಪು ದಾರದ ಜಾಡಿ. ಅದು ಯಾವುದರಿಂದ ಹೊರಬಿತ್ತೆಂದು ಹೇಳಲು ಮೈಮೇಲೆ ಗುರುತಿಲ್ಲ. ನಿಕಾನೋರ್ ಅದನ್ನು ಚಿಮಟದಲ್ಲಿ ಎತ್ತಿ ಮದ್ಯಸಾರದ ಸೀಸೆಗೆ ಹಾಕುತ್ತಾರೆ. ಈ ಕೋಣೆಯಲ್ಲಿ ಅವರೇ ಮಾಡಿದ ನಿಯಮ ಅದು. ಹೊರಗೆ ಸಿಕ್ಕ ಹುಳ ಯಾರ ಮನೆಯದೂ ಅಲ್ಲ. ಆಮೇಲೆ ದಾಖಲೆ ಪುಸ್ತಕ ತೆರೆದು ಬರೆಯುತ್ತಾರೆ: ‘ಜಾಡಿ ೯. ನನ್ನ ಕೈತಪ್ಪು. ಅನುಮಾನ.’ ಒಂಬತ್ತನೆಯ ಜಾಡಿಗೆ ಒಂದು ಕೆಂಪು ಚೀಟಿ ಅಂಟಿಸುತ್ತಾರೆ.

ಅಷ್ಟಾದ ಮೇಲೆ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು, ‘ಮಾತೆ’ ಎಂಬ ಕಹಿ ಎಲೆಯ ಪುಡಿಗೆ ಬಿಸಿನೀರು ಹೊಯ್ದುಕೊಂಡು ಹೀರುತ್ತಾರೆ. ಇಂಥ ಕೈತಪ್ಪು ಮೂವತ್ತಾರು ವರ್ಷದಲ್ಲಿ ಇದೇ ಮೊದಲು.

ವಿಂಚುಕಾ ನಮ್ಮ ಮಣ್ಣಿನ ಮನೆಗಳ ಬಿರುಕಿನಲ್ಲಿ ಬದುಕುವ ಹುಳ, ತಿಗಣೆಯ ದೊಡ್ಡಣ್ಣ. ಮಲಗಿದವರ ರಕ್ತ ಹೀರುತ್ತದೆ, ಚಾಗಸ್ ಕಾಯಿಲೆ ಬಿಟ್ಟು ಹೋಗುತ್ತದೆ. ಕಾಯಿಲೆ ಇಪ್ಪತ್ತು ಮೂವತ್ತು ವರ್ಷ ಸುಮ್ಮನಿದ್ದು ಹೃದಯವನ್ನು ಹಿಗ್ಗಿಸಿ ಒಂದು ದಿನ ನಿಲ್ಲಿಸುತ್ತದೆ. ಊರಿನವರು ನೋಡಿದ ತಕ್ಷಣ ಚಪ್ಪಲಿಯಲ್ಲಿ ಅರೆಯುವ ಈ ಹುಳವನ್ನು ನಿಕಾನೋರ್ ಸಾಕುತ್ತಾರೆ. ಮುನ್ನೂರ ಹನ್ನೆರಡು ಗಾಜಿನ ಜಾಡಿಗಳು. ಒಳಗೆ ಬೀಸಣಿಗೆಯಂತೆ ಮಡಿಸಿದ ರಟ್ಟು, ಬಾಯಿಗೆ ಬಿಗಿದ ತೆಳು ಬಟ್ಟೆ. ಕೋಣೆಯ ಬಿಸಿ ಸದಾ ಇಪ್ಪತ್ತೆಂಟು ಡಿಗ್ರಿ. ಹುಳಗಳಿಗೆ ಊಟ ಹಾಕಲು ಇಪ್ಪತ್ತಾರು ಕೋಳಿಗಳಿವೆ. ಕೋಳಿಯನ್ನು ಇಕ್ಕಟ್ಟಿನ ಮರದ ಪೆಟ್ಟಿಗೆಯಲ್ಲಿ ಕೂರಿಸಿ, ಪುಕ್ಕ ತೆಗೆದ ಎದೆಯನ್ನು ಜಾಡಿಯ ಬಟ್ಟೆಗೆ ತಾಗಿಸುತ್ತಾರೆ. ಊಟ ಮುಗಿದ ಮೇಲೆ ದಾರ ಬಿಚ್ಚಿ ಕೊಳೆಯಾದ ರಟ್ಟು ಬದಲಾಯಿಸುತ್ತಾರೆ. ಹಕ್ಕಿಯ ಮೈಯಲ್ಲಿ ಆ ಕಾಯಿಲೆಯ ಜೀವಾಣು ಬದುಕುವುದಿಲ್ಲ. ಹಾಗಾಗಿ ಇಲ್ಲಿನ ಹುಳಗಳಲ್ಲಿ ಕಾಯಿಲೆ ಇಲ್ಲ.

ಕೋಳಿಗಳಿಗೆ ಹೆಸರುಗಳೂ ಇವೆ. ಶುಕ್ರವಾರ ಗಲಾಟೆ ಮಾಡಿದ್ದು ಸೆನೆಟರ್. ಯಾಕೆ ಆ ಹೆಸರು ಎಂದು ಕೇಳಿದರೆ ನಿಕಾನೋರ್ ಹೇಳುತ್ತಾರೆ: "ತಿನ್ನುತ್ತೆ, ಕೂರುತ್ತೆ, ಕೆಲಸ ಅಂದ್ರೆ ಕಿರುಚುತ್ತೆ."

ವಿಜ್ಞಾನ ಮಂಡಳಿ ಎಂದರೆ ಪತ್ರಿಕೆಗಳಲ್ಲಿ ಕಾಣುವುದು ಸಂಶೋಧಕರ ಮುಖ. ಎಳೆಯರಿಗೆ ವಿದ್ಯಾರ್ಥಿವೇತನ, ಹಿರಿಯರಿಗೆ ನಿವೃತ್ತಿಯವರೆಗೆ ಹುದ್ದೆ, ಯೋಜನೆಗಳಿಗೆ ಅನುದಾನ. ಅದೇ ಮಂಡಳಿಯ ಪಟ್ಟಿಯ ಕೊನೆಯಲ್ಲಿ ಇನ್ನೊಂದು ಸಾಲಿದೆ: ಸಹಾಯಕ ಸಿಬ್ಬಂದಿ. ಪ್ರಯೋಗಾಲಯಕ್ಕೆ ಗಾಜು ಊದುವವರು, ಸಮುದ್ರದ ಮಾದರಿ ತರಲು ದೋಣಿ ನಡೆಸುವವರು, ಹಿಮನದಿಯಲ್ಲಿ ಅಳತೆಯ ಕೋಲು ನೆಡುವವರು, ಹುಳ ಸಾಕುವವರು. ವರ್ಷಕ್ಕೊಮ್ಮೆ ಅವರೂ ಎರಡು ಪುಟದ ಕಾರ್ಯವರದಿ ಬರೆಯಬೇಕು. ‘ಈ ವರ್ಷದ ಸಾಧನೆ’ ಎಂಬ ಕಲಮಿನ ಎದುರು ನಿಕಾನೋರ್ ಪ್ರತಿ ವರ್ಷವೂ ಬರೆಯುವುದು ಒಂದೇ ವಾಕ್ಯ: ‘ಹುಳಗಳು ಬದುಕಿವೆ.’

ಆ ವಾಕ್ಯದ ಮೇಲೆ ಹದಿನಾಲ್ಕು ಪ್ರಯೋಗಾಲಯಗಳು ನಿಂತಿವೆ. ಬಿಳಿ ದಾರದ ಇಪ್ಪತ್ತೆರಡು ಜಾಡಿಗಳಲ್ಲಿರುವುದು ‘ಏಳನೆಯ ಮನೆ’ ಎಂಬ ವಂಶ. ೧೯೮೮ರಲ್ಲಿ, ಕೀಟನಾಶಕ ಇನ್ನೂ ತಲುಪದ ಒಂದು ಹಳ್ಳಿಯ ಏಳನೆಯ ಮನೆಯ ಗೋಡೆಯಿಂದ ಸಂಶೋಧಕರು ಹಿಡಿದು ತಂದ ನಲವತ್ತೊಂದು ಹುಳಗಳ ಸಂತಾನ. ಅವುಗಳ ಕುಲದಲ್ಲಿ ಯಾರೂ ವಿಷ ಕಂಡಿಲ್ಲ. ಸಾಯಬೇಕಾದ ವಿಷಕ್ಕೆ ಅವು ಸಾಯುತ್ತವೆ. ಕಪ್ಪು ದಾರದವು ದೇಶದ ಉತ್ತರ ಭಾಗದವು, ಎಷ್ಟು ಔಷಧಿ ಹೊಡೆದರೂ ಎದ್ದು ನಡೆಯುವಂಥವು. ದೇಶದಲ್ಲಿ ಯಾರೇ ಹೊಸ ಔಷಧಿ ಕಂಡುಹಿಡಿಯಲಿ, ಮೊದಲು ಏಳನೆಯ ಮನೆಯ ಹುಳದ ಬೆನ್ನಿನ ಮೇಲೆ ಒಂದು ಹನಿ ಹಾಕಿ ನೋಡಬೇಕು. ಇಲ್ಲಿಯ ಇಬ್ಬರು ರಸಾಯನಶಾಸ್ತ್ರಜ್ಞೆಯರು ಮಂಡಳಿಯ ವಿದ್ಯಾರ್ಥಿವೇತನದಲ್ಲಿ ಆರು ವರ್ಷ ದುಡಿದು, ಗೋಡೆಗೆ ಬಳಿಯುವ ಒಂದು ಔಷಧಿ ಸುಣ್ಣ ಮಾಡಿದರು. ಈಗ ಅದು ಕಾರ್ಖಾನೆಯಲ್ಲಿ ತಯಾರಾಗಿ ಹಳ್ಳಿ ಹಳ್ಳಿಗೆ ಹೋಗುತ್ತದೆ. ಆ ಸುಣ್ಣದ ಅಳತೆಗೋಲು ಈ ಇಪ್ಪತ್ತೆರಡು ಜಾಡಿ. ಅಳತೆಗೋಲಿನಲ್ಲಿ ಉತ್ತರದ ಒಂದೇ ಒಂದು ಹುಳ ಸೇರಿಕೊಂಡರೂ ಮುಂದಿನ ಎಲ್ಲ ಅಳತೆಯೂ ಸುಳ್ಳು.

ಎಂಟು ಗಂಟೆಗೆ ಕೇಂದ್ರದ ನಿರ್ದೇಶಕಿ ಡಾ. ಮಿರ್ತಾ ಸೆಕ್ಕೊ ಬರುತ್ತಾರೆ. ಬಾಗಿಲಲ್ಲೇ ನಿಲ್ಲುತ್ತಾರೆ.

"ನಿಕಾ ಅವರೇ, ಇದೇನಿದು ಕೆಂಪು?"

"ಅನುಮಾನ, ಡಾಕ್ಟರಮ್ಮ. ಇದು ತೀರೋವರೆಗೂ ಏಳನೇ ಮನೆಯ ಒಂದು ಮೊಟ್ಟೇನೂ ಹೊರಗೆ ಕಳಿಸಲ್ಲ."

"ಗುರುವಾರ ಮಂಡಳಿ ಸಮಿತಿಯವರು ಬರ್ತಿದ್ದಾರೆ. ಈ ಕೋಣೆ ಇಟ್ಕೋಬೇಕಾ ಮುಚ್ಚಬೇಕಾ ಅಂತ ನೋಡೋಕೇ ಅವರು ಬರ್ತಿರೋದು. ಮೂವತ್ತಾರು ವರ್ಷದಲ್ಲಿ ನಿಮಗೆ ಈ ವಾರಾನೇ ಬೇಕಿತ್ತಾ?"

"ಹುಳಕ್ಕೆ ಹೇಳ್ದೆ. ಕೇಳಲಿಲ್ಲ."

ಡಾಕ್ಟರಮ್ಮನಿಗೆ ನಗು ಬರುತ್ತದೆ, ಅದನ್ನು ನುಂಗಿಕೊಳ್ಳುತ್ತಾರೆ. "ಹಾಗಾದ್ರೆ ಆ ಜಾಡಿ ಫ್ರೀಜರ್‌ಗೆ ಹಾಕಿ ಕೊಂದ್ಬಿಡಿ. ಇಪ್ಪತ್ತೊಂದು ಉಳಿಯುತ್ತಲ್ಲ. ಮುಗೀತು."

"ಕೊಂದ್ರೆ ಏನಾಗಿತ್ತು ಅಂತ ಗೊತ್ತಾಗಲ್ವಲ್ಲ. ಪರೀಕ್ಷೆ ಮಾಡ್ಬೇಕು. ಶುಕ್ರವಾರ ಊಟ ಆಗಿದೆ, ಏಳು ದಿನ ಉಪವಾಸ ಇರ್ಬೇಕು. ಆಮೇಲೇ ಹನಿ."

"ಸರಿ, ಚೀಟಿನಾದ್ರೂ ಮೂರು ದಿನ ತೆಗೀರಿ. ಸುಳ್ಳು ಹೇಳಿ ಅಂತ ನಾನು ಹೇಳ್ತಿಲ್ಲ. ಸುಮ್ನಿರಿ ಅಂತಿದೀನಿ."

"ನೀವು ದೊಡ್ಡವರು, ನೀವೇ ತೆಗೀರಿ. ನಾನು ಮತ್ತೆ ಅಂಟಿಸ್ತೀನಿ. ನನ್ನ ಹತ್ರ ಚೀಟಿ ಬೇಕಾದಷ್ಟಿದೆ."

ಡಾಕ್ಟರಮ್ಮ ತೆಗೆಯುವುದಿಲ್ಲ. ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಆ ಮೂರು ದಿನ ಅವರಿಬ್ಬರ ನಡುವೆ ನಮಸ್ಕಾರ ಬಿಟ್ಟು ಬೇರೆ ಮಾತಿಲ್ಲ. ಈ ಮನುಷ್ಯ ಎದುರು ನಿಂತದ್ದು ಇದು ಮೊದಲ ಸಲವೂ ಅಲ್ಲ. ಒಂದು ಜುಲೈ ತಿಂಗಳಲ್ಲಿ, ಇಲ್ಲಿನ ಕಡು ಚಳಿಗಾಲದಲ್ಲಿ, ಹೀಟರ್ ಕೆಟ್ಟು, ದುರಸ್ತಿಯ ಅರ್ಜಿ ಮೇಜಿನಿಂದ ಮೇಜಿಗೆ ತಿರುಗುತ್ತಿದ್ದಾಗ, ರಜೆಯಲ್ಲಿ ಕಟ್ಟಡಕ್ಕೆ ಯಾರೂ ಬರಕೂಡದೆಂಬ ಆದೇಶವಿತ್ತು. ನಿಕಾನೋರ್ ಕಿಟಕಿಯಿಂದ ಒಳಗಿಳಿದು, ಸೋಡಾ ಬಾಟಲಿಗಳಲ್ಲಿ ಬಿಸಿನೀರು ತುಂಬಿ ಜಾಡಿಗಳ ನಡುವೆ ಇಟ್ಟು, ಎರಡು ಗಂಟೆಗೊಮ್ಮೆ ಬದಲಾಯಿಸಿದರು. ಅದಕ್ಕೆ ಬಂದ ಎಚ್ಚರಿಕೆ ಪತ್ರ ಈಗಲೂ ಕೋಣೆಯ ಗೋಡೆಯಲ್ಲಿ ಇದೆ. ಅದರ ಮೇಲೆ ಕೋಳಿಗಳ ಪಾಳಿಯ ಪಟ್ಟಿ ಅಂಟಿಸಿದ್ದಾರೆ.

ಗುರುವಾರ ಸಮಿತಿಯ ಮೂವರು ಬರುತ್ತಾರೆ. ಮುಂದೆ ನಿಂತು ಪ್ರಶ್ನೆ ಕೇಳುವವರು ರಾಜಧಾನಿಯ ಡಾ. ಒರ್ತೂಬೆ. ಎತ್ತರದ ಆಳು, ಮೃದು ಮಾತು. ಸಾಲಾಗಿ ನೋಡುತ್ತ ಬಂದು ಕೆಂಪು ಚೀಟಿಯ ಎದುರು ನಿಲ್ಲುತ್ತಾರೆ. ಡಾ. ಮಿರ್ತಾ ಕಿಟಕಿಯ ಹೊರಗೆ ನೋಡುತ್ತಾರೆ.

"ಇದು?"

"ನನ್ನ ತಪ್ಪು, ಡಾಕ್ಟರೇ. ಎರಡು ಜಾಡಿ ಒಂದೇ ತಟ್ಟೇಲಿಟ್ಟೆ. ಒಂದು ಮರಿ ಹೊರಗಿತ್ತು. ಆಚೆಯಿಂದ ಈಚೆಗೆ ಇನ್ನೊಂದು ಬಂದಿರಬಹುದು."

"ಅಂದ್ರೆ ಶುದ್ಧ ವಂಶ ಅಂತ ನೀವು ಹೇಳ್ತಿರೋದು ಶುದ್ಧ ಅಲ್ಲದೇ ಇರಬಹುದು."

"ಈ ಒಂದು ಜಾಡಿ ಶುದ್ಧ ಅಲ್ಲದೇ ಇರಬಹುದು. ಚೀಟಿ ಇಲ್ಲದ ಕೋಣೆ ಬೇಕಾದ್ರೆ ಅರ್ಧ ಗಂಟೇಲಿ ಮಾಡಿ ಕೊಡ್ತಿದ್ದೆ. ಆಮೇಲೆ ಉಳಿದ ಇಪ್ಪತ್ತೊಂದನ್ನ ನೀವು ಯಾಕೆ ನಂಬ್ತೀರಿ?"

ಒರ್ತೂಬೆ ಏನೋ ಬರೆದುಕೊಳ್ಳುತ್ತಾರೆ. "ಇಷ್ಟು ವರ್ಷ ಒಂದೇ ಮನೆಯ ಹುಳ ಯಾಕೆ ಸಾಕಬೇಕು? ಬೇರೆ ಕಡೆಯಿಂದ ಹೊಸದಾಗಿ ತರಬಹುದಲ್ಲ? ಖರ್ಚು ನೋಡಿ, ಕೋಣೆ ನೋಡಿ."

"ತರೋಣ. ವಿಷ ಕಾಣದ ಮನೆ ಈಗ ಎಲ್ಲಿದೆ ತೋರಿಸಿ, ಚೀಲ ಹಿಡ್ಕೊಂಡು ನಿಮ್ಮ ಜೊತೆ ಬರ್ತೀನಿ." ಹಿಂದೆ ಯಾರೋ ಕಿಸಕ್ಕೆಂದು ನಗುತ್ತಾರೆ. ನಿಕಾನೋರ್ ನಗುವುದಿಲ್ಲ. "ಎಲ್ಲಾ ಕಡೆ ಹೊಡೆದಾಯ್ತು ಡಾಕ್ಟರೇ. ಒಳ್ಳೇದೇ ಆಯ್ತು. ಆದ್ರೆ ಹೊಡೆಯೋಕೆ ಮುಂಚೆ ಹುಳ ಹೇಗಿತ್ತು ಅಂತ ಹೇಳೋಕೆ ಉಳಿದಿರೋದು ಈ ಜಾಡಿಗಳು ಮಾತ್ರ. ಮುಚ್ಚೋದಾದ್ರೆ ಮುಚ್ಚಿ. ಕಾಗದದಲ್ಲಿ ‘ಇನ್ನು ಅಳೆಯೋದಿಲ್ಲ’ ಅಂತಾನೂ ಬರೀರಿ."

ಒರ್ತೂಬೆ ದಾಖಲೆ ಪುಸ್ತಕವನ್ನು ಹಿಂದಕ್ಕೆ ಹಿಂದಕ್ಕೆ ಮಗುಚುತ್ತಾರೆ, ಮುಚ್ಚುತ್ತಾರೆ. ಹೊರಡುವ ಮುನ್ನ, ಲೋಕಾಭಿರಾಮವಾಗಿ ಎಂಬಂತೆ, ಕೇಳುತ್ತಾರೆ: "ಆ ಏಳನೇ ಮನೆ ಅಂತೀರಲ್ಲ, ಆ ಮನೆಯವರು ಏನಾದ್ರು?"

"ಮನೆ ಬಿದ್ದು ಹೋಯ್ತು," ಎಂದು ನಿಕಾನೋರ್ ಸೆನೆಟರ್‌ಗೆ ಕಾಳು ಹಾಕಲು ಹೋಗುತ್ತಾರೆ.

ಮರುವಾರ ಪರೀಕ್ಷೆ ನಡೆಯುತ್ತದೆ. ಒಂಬತ್ತನೆಯ ಜಾಡಿಯಲ್ಲಿ ಆ ಗಾತ್ರದ ಮರಿಗಳು ಎಂಬತ್ತನಾಲ್ಕು. ಪ್ರತಿಯೊಂದರ ಬೆನ್ನಿಗೂ ಸೂಜಿಮೊನೆಯಷ್ಟು ಔಷಧಿ. ಒಂದು ದಿನ ಬಿಟ್ಟು ನೋಡಿದರೆ ಎಂಬತ್ತಮೂರು ಬೆನ್ನಡಿಯಾಗಿ ಬಿದ್ದಿವೆ. ಒಂದು ಮಾತ್ರ ಸತ್ತವುಗಳ ನಡುವೆ ನಿಧಾನವಾಗಿ ನಡೆಯುತ್ತಿದೆ.

"ಬಾಪ್ಪಾ ಉತ್ತರದವನೇ," ಎನ್ನುತ್ತಾರೆ ನಿಕಾನೋರ್. ಅವರ ದನಿಯಲ್ಲಿ ಗೆಲುವಿಲ್ಲ. ಜಾಡಿಯನ್ನು ಫ್ರೀಜರಿಗೆ ಇಡುತ್ತಾರೆ. ಪುಸ್ತಕದಲ್ಲಿ ‘ಅನುಮಾನ’ ಎಂಬ ಮಾತನ್ನು ಹೊಡೆದು ‘ನಿಜ’ ಎಂದು ಬರೆಯುತ್ತಾರೆ. ಡಾ. ಮಿರ್ತಾ ಪಕ್ಕದಲ್ಲೇ ನಿಂತಿದ್ದಾರೆ. ಅಂದು ಮೆಟ್ಟಿಲ ಮೇಲೆ ಮಾತೆ ಹೊಯ್ದು ಕೊಡುವವರು ಅವರೇ.

ಮಂಡಳಿಯ ಪತ್ರ ಬರಲು ಆರು ವಾರ ಹಿಡಿಯುತ್ತದೆ. ಕೋಣೆಗೆ ಇನ್ನೂ ಮೂರು ವರ್ಷದ ಬೆಂಬಲ ಸಿಕ್ಕಿದೆ. ಹೊಸ ಹೀಟರಿಗೂ ಒಪ್ಪಿಗೆ. ‘ಕೇಂದ್ರದ ದಾಖಲೆಗಳು ನಂಬಲರ್ಹ’ ಎಂಬ ಒಂದು ಸಾಲಿದೆ. ದಾಖಲೆ ಬರೆದವರ ಹೆಸರಿಲ್ಲ. ಕೊನೆಯ ಪ್ಯಾರಾದಲ್ಲಿ, ನವೆಂಬರಿನಲ್ಲಿ ನಿವೃತ್ತರಾಗುವ ಸಹಾಯಕರ ಹುದ್ದೆಯನ್ನು ಸದ್ಯಕ್ಕೆ ತುಂಬಲಾಗದು ಎಂದಿದೆ.

ನವೆಂಬರ್ ಆದ ಮೇಲೆ ಏನು ಎಂದರೆ ನಿಕಾನೋರ್ ಜೇಬಿನಿಂದ ಬೀಗದ ಕೈ ತೆಗೆದು ತೋರಿಸುತ್ತಾರೆ. "ಕಾಗದ ನನಗೆ ಬಂದಿದೆ. ಕೋಳಿಗೆ ಕಾಗದ ಓದೋಕೆ ಬರಲ್ಲ. ಬೀಗ ಬದಲಾಯಿಸಿದ್ರೆ ಕಿಟಕಿ ಇದೆ. ಯಾರನ್ನಾದ್ರೂ ಕಳಿಸಲಿ, ಕೈ ಹಿಡಿದು ಕಲಿಸ್ತೀನಿ. ಕಳಿಸೋವರೆಗೂ ನಾನು ಬರ್ತೀನಿ. ಬರಬೇಡ ಅನ್ನೋಕೆ ಅವರೂ ಐದೂವರೆಗೆ ಏಳಬೇಕಲ್ಲ!"

ಕೇಂದ್ರದ ಕಬ್ಬಿಣದ ಕಪಾಟಿನಲ್ಲಿ ೧೯೮೮ರ ಕ್ಷೇತ್ರಕಾರ್ಯದ ಕಾರ್ಡುಗಳಿವೆ. ಅವುಗಳನ್ನು ಬರೆದ ವಿಜ್ಞಾನಿ ತೀರಿಕೊಂಡು ಬಹಳ ಕಾಲವಾಯಿತು. ಏಳನೆಯ ಕಾರ್ಡು ಹಳದಿಯಾಗಿದೆ: ‘ಮನೆಯ ಯಜಮಾನಿ ಸೆಗುಂದಾ ಲೆದೆಸ್ಮಾ. ಮಕ್ಕಳು ಇಬ್ಬರು. ಗೋಡೆಗೆ ಔಷಧಿ ಹೊಡೆದಿಲ್ಲ. ಹುಳ ೪೧.’ ಈ ಪ್ರಾಂತ್ಯದಲ್ಲಿ ಕಲ್ಲೆಸೆದರೆ ಒಬ್ಬ ಲೆದೆಸ್ಮಾನಿಗೆ ತಾಗುತ್ತದೆ. ಯಾರಿಗೂ ಏನೂ ಅನ್ನಿಸಿರಲಿಕ್ಕಿಲ್ಲ.

ನದಿಯಾಚೆ ಲಾ ಬಾಂಡಾದಲ್ಲಿ ನಿಕಾನೋರ್ ಅವರ ತಂಗಿ ರಮೋನಾ ಇದ್ದಾರೆ. ಈ ಬರಹಕ್ಕಾಗಿ ಕಾರ್ಡಿನ ಹೆಸರು ಹೇಳಿ ಕೇಳಿದರೆ, ಕೆಂಡದ ಬೂದಿಯಲ್ಲಿ ರೊಟ್ಟಿ ಹೂತು ಸುಡುತ್ತ ಅವರು ತಲೆಯೆತ್ತದೆ ಮಾತಾಡುತ್ತಾರೆ.

"ಹೌದು, ನಮ್ಮಮ್ಮನ ಗೋಡೆ. ಪಟ್ಟಣದವರು ಬಂದಾಗ ಅಮ್ಮ ಅವರಿಗೆ ಕುರ್ಚಿ ಕೊಟ್ಟಳು. ಇದ್ದಿದ್ದೇ ಒಂದು. ತಾನು ನಿಂತಳು. ಟಾರ್ಚ್ ಹಿಡಿದಿದ್ದು ನಿಕಾ. ಬಿರುಕಿಗೆ ಕಡ್ಡಿ ಹಾಕಿ ಒಂದೊಂದನ್ನೇ ಎಬ್ಬಿಸಿ ಕೊಟ್ಟ. ಮರುವರ್ಷ ಅವರ ಹತ್ರಾನೇ ಕೆಲಸಕ್ಕೆ ಸೇರಿದ. ಇನ್ನೈದು ವರ್ಷಕ್ಕೆ ಅಮ್ಮ ಬಾವಿ ದಾರೀಲಿ ಬಿದ್ದಳು, ಮತ್ತೆ ಏಳಲಿಲ್ಲ. ಹೃದಯ ದೊಡ್ಡದಾಗಿತ್ತು ಅಂದ್ರು ಡಾಕ್ಟ್ರು. ಹೊಗಳ್ತಿದ್ದಾರೆ ಅಂದ್ಕೊಂಡೆ ನಾನು, ಹುಚ್ಚಿ." ರೊಟ್ಟಿಯನ್ನು ಎತ್ತಿ ಬೂದಿ ಕೊಡವುತ್ತಾರೆ. "ಬರೀರಿ. ನಿಕಾನ್ನ ಕೇಳೋಕೆ ಹೋಗ್ಬೇಡಿ. ಅವನು ಹೇಳಲ್ಲ."

ಹೇಳಿದ್ದರೆ ಸಮಿತಿಯ ಮನ ಕರಗುತ್ತಿತ್ತೇನೋ. ಆ ಗುರುವಾರ ಅವರು ಹುಳದ ಬಗ್ಗೆ ಹೇಳಿದರು, ವಿಷದ ಬಗ್ಗೆ ಹೇಳಿದರು, ತಮ್ಮ ತಪ್ಪನ್ನೂ ಹೇಳಿದರು. ಏಳನೆಯ ಮನೆ ತಮ್ಮ ತಾಯಿಯದು ಎಂದು ನಿಕಾನೋರ್ ಲೆದೆಸ್ಮಾ ಹೇಳಲಿಲ್ಲ.