ಮಡಕೆಯ ತಳದ ಅಗುಳು

ನನ್ನ ತಂಗಿಗೆ ನಾನು ಹೊಟ್ಟೆತುಂಬ ಬಡಿಸಲಿಲ್ಲ. ಮನೆಯಲ್ಲಿ ಅಕ್ಕಿ ಇರಲಿಲ್ಲವೆಂದಲ್ಲ. ಸೌಟು ನನ್ನ ಕೈಯಲ್ಲಿತ್ತು, ಅದನ್ನು ಮಡಕೆಯ ತಳಕ್ಕೆ ಇಳಿಸಲಿಲ್ಲ. ಇದನ್ನೆಲ್ಲ ಬರೆಯಬೇಡ, ಮನೆಯ ಮರ್ಯಾದೆ ಹೋಗುತ್ತದೆ ಎಂದು ತಮ್ಮಂದಿರು ಹೇಳುತ್ತಾರೆ. ಹೋಗಲಿ. ಆಗಿನ ಕಾಲವೇ ಹಾಗಿತ್ತು ಎಂದೂ ಹೇಳುತ್ತಾರೆ. ಕಾಲ ಬಂದು ಸೌಟು ಹಿಡಿದಿರಲಿಲ್ಲ; ಹಿಡಿದವಳು ನಾನು.

ಬೆಳ್ತಂಗಡಿಯಿಂದ ಒಂದು ಗಂಟೆ ನಡೆದರೆ ನಮ್ಮ ಮನೆ. ಎಳವೆಯಲ್ಲೇ ನನ್ನ ಒಂದು ಕಾಲು ಕುಂಟಾಗಿತ್ತು. ಮೂರನೆಯ ಕ್ಲಾಸಿಗೆ ಶಾಲೆ ಮುಗಿಯಿತು. ಗದ್ದೆಗೆ ಇಳಿಯುವಂತಿರಲಿಲ್ಲ, ಮದುವೆಗೆ ಕೇಳಿಕೊಂಡು ಯಾರೂ ಬರಲಿಲ್ಲ. ಹಾಗಾಗಿ ಅಡುಗೆಮನೆ ನನ್ನದಾಯಿತು. ಐವತ್ತರ ದಶಕದ ಆ ವರ್ಷಗಳಲ್ಲಿ ನಮಗೆ ಎರಡು ಹೊತ್ತೂ ಕುಚ್ಚಲಕ್ಕಿ ಗಂಜಿ. ಒಲೆಯಿಂದ ಇಳಿಸಿ ಸ್ವಲ್ಪ ಹೊತ್ತಿಟ್ಟರೆ ಅಗುಳು ಕೆಳಗೆ ಕೂರುತ್ತದೆ, ತೆಳಿ ಮೇಲೆ ನಿಲ್ಲುತ್ತದೆ. ಅಪ್ಪನಿಗೂ ಇಬ್ಬರು ತಮ್ಮಂದಿರಿಗೂ ಅಡಿಯಿಂದ, ತಂಗಿಗೆ ಮೇಲಿನಿಂದ. ಅಮ್ಮ ಬಡಿಸುತ್ತಿದ್ದದ್ದು ಹಾಗೆ, ನಾನೂ ಹಾಗೆಯೇ. ತಂಗಿಯೂ ಅವರ ಜೊತೆ ಬೆಳಗಿನಿಂದ ಗದ್ದೆಯಲ್ಲಿ ಬಗ್ಗಿ ಭತ್ತದ ನೇಜಿ ನೆಟ್ಟು ಬಂದಿರುತ್ತಿದ್ದಳು.

ಬಾಯಿ ಜೋರಿನ ಹುಡುಗಿ ಅವಳು. ಒಂದು ದಿನ ಬಟ್ಟಲೊಳಗೆ ಇಣುಕಿ, "ಅಕ್ಕ, ಒಂದು ಗಾಳ ಕೊಡು ಮಾರಾಯ್ತಿ, ಅಗುಳು ಹಿಡೀತೇನೆ" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ಸೌಟು ಮಾತ್ರ ಇಳಿಸಲಿಲ್ಲ. ಎಲ್ಲರದ್ದೂ ಆದ ಮೇಲೆ ಮಡಕೆ ಕೆರೆದು ಉಣ್ಣುವವಳು ನಾನು. ತಳದಲ್ಲಿ ಉಳಿಯುತ್ತಿದ್ದದ್ದು ದಪ್ಪ ಗಂಜಿ. ಅದನ್ನೂ ಬರೆಯಬೇಕಲ್ಲ.

ಅರವತ್ತರ ಸುಮಾರಿಗೆ ಮೂಡಬಿದ್ರೆಯ ಕಡೆಗೆ ಅವಳ ಮದುವೆಯಾಯಿತು. ಚೊಚ್ಚಲ ಬಸುರಿಯಾಗಿ ಏಳನೆಯ ತಿಂಗಳಲ್ಲಿ ಮನೆಗೆ ಬಂದಾಗ ನಾಲ್ಕು ಮೆಟ್ಟಿಲು ಹತ್ತಲೂ ಏದುಸಿರು ಬಿಡುತ್ತಿದ್ದಳು. ಊರಿಗೆ ಬರುತ್ತಿದ್ದ ನರ್ಸಮ್ಮ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು.

"ಮೈಯಲ್ಲಿ ರಕ್ತವೇ ಇಲ್ಲ. ಹೀಗೇ ಬಿಟ್ಟರೆ ಹೆರಿಗೆಯಲ್ಲಿ ತಾಯಿಯೂ ಉಳಿಯುವುದಿಲ್ಲ, ಮಗುವೂ ಉಳಿಯುವುದಿಲ್ಲ. ಇವಳಿಗೆ ಉಣ್ಣಲಿಕ್ಕೆ ಎಂತ ಕೊಡ್ತೀರಿ?"

"ನಾವು ಉಣ್ಣುವುದನ್ನೇ" ಎಂದಳು ಅಮ್ಮ.

ಆ ಮಧ್ಯಾಹ್ನ ಗಂಡಸರು ಮಣೆಯ ಮೇಲೆ ಕೂತ ಹೊತ್ತಿಗೇ ಅವಳನ್ನೂ ಕರೆದು ಕೂರಿಸಿದೆ. ಗಂಜಿಯನ್ನು ಅಡಿಯಿಂದ ಮಗುಚಿ, ಮೊದಲ ಸೌಟು ಅವಳ ಬಟ್ಟಲಿಗೆ ಹಾಕಿದೆ.

"ಗಂಡಸರು ಕೂತದ್ದು ಕಾಣುವುದಿಲ್ಲವಾ ನಿನಗೆ?" ಎಂದಳು ಅಮ್ಮ.

"ಕಾಣ್ತದೆ. ಇವಳು ಕೂತದ್ದೂ ಕಾಣ್ತದೆ."

ದೊಡ್ಡ ತಮ್ಮ ತನ್ನ ಬಟ್ಟಲಿನ ತೆಳು ಗಂಜಿ ನೋಡಿ, "ಎಂತ ಇದು, ಈಗ ನನಗೂ ಗಾಳ ಬೇಕಾ?" ಎಂದ.

"ಬೇಕಾದರೆ ಮಾಡಿಕೋ. ನಾಳೆಯೂ ಹೀಗೇ ಉಂಟು" ಎಂದೆ.

ಈ ಸಲ ಯಾರೂ ನಗಲಿಲ್ಲ. ಆದರೆ ತಂಗಿ, ಎಂಜಲಾಗುವ ಮೊದಲೇ, ತನ್ನ ಬಟ್ಟಲಿನ ಅರ್ಧವನ್ನು ತಮ್ಮನ ಬಟ್ಟಲಿಗೆ ಬಗ್ಗಿಸಿದಳು. "ನನಗೆ ಇಷ್ಟು ಸಾಕು ಅಕ್ಕ." ಗಾಳ ಕೇಳಿದ ಹುಡುಗಿ ಸಾಕು ಎನ್ನಲು ಕಲಿತಿದ್ದಳು. ಕಲಿಸಿದ್ದು ನನ್ನ ಸೌಟು.

ಮರುದಿನದಿಂದ ನಾನೂ ಬಟ್ಟಲು ಹಿಡಿದು ಅವಳ ಎದುರು ಕೂತೆ. ಅವಳು ಮುಗಿಸದೆ ನಾನು ಏಳುತ್ತಿರಲಿಲ್ಲ. ಬೇಲಿಯ ನುಗ್ಗೆ ಸೊಪ್ಪು, ಚಪ್ಪರದ ಬಸಳೆ, ಹುರುಳಿ ಸಾರು, ಅಪ್ಪ ಬಂಟ್ವಾಳದಿಂದ ತರುತ್ತಿದ್ದ ಒಣಮೀನು. ಹೊಸತೆಂದು ಯಾವುದೂ ಇಲ್ಲ, ಎಲ್ಲ ಮನೆಯಲ್ಲಿ ಇದ್ದದ್ದೇ. ಅವಳ ಬಟ್ಟಲಿನವರೆಗೆ ಬರುತ್ತಿರಲಿಲ್ಲ, ಅಷ್ಟೆ. ಅಮ್ಮ ಹದಿನೈದು ದಿನ ನನ್ನೊಡನೆ ಮಾತು ಬಿಟ್ಟಳು. ನಾನು ಸೌಟು ಬಿಡಲಿಲ್ಲ.

ಹೆರಿಗೆ ಕಷ್ಟದ್ದೇ ಆಯಿತು. ಮಗು ಸಣ್ಣದು, ಆದರೆ ಅದರ ಕೂಗು ದನದ ಹಟ್ಟಿಯವರೆಗೆ ಕೇಳಿತು. ಎಂಟೋ ಒಂಬತ್ತೋ ದಿನ ಕಳೆದ ಮೇಲೆ, ಉಣ್ಣುತ್ತಿದ್ದ ತಂಗಿ ಖಾಲಿ ಬಟ್ಟಲನ್ನು ನನ್ನ ಮುಂದೆ ಚಾಚಿದಳು.

"ಅಕ್ಕ, ಇನ್ನೊಂದು ಸೌಟು ಹಾಕು. ಅಡಿಯಿಂದ."

ಅಮ್ಮ ಅಲ್ಲೇ ಇದ್ದಳು, ಜಗಲಿಯಲ್ಲಿ ಅಪ್ಪನೂ ತಮ್ಮಂದಿರೂ ಇದ್ದರು. ಅಡಿಯಿಂದ ಸೌಟು ತುಂಬಿ ಹಾಕುತ್ತ, ಅವರಿಗೆಲ್ಲ ಕೇಳುವಷ್ಟು ಜೋರಾಗಿಯೇ ಹೇಳಿದೆ:

"ಇದು ಮೊದಲೂ ನಿನ್ನದೇ ಆಗಿತ್ತು. ನಾನು ಕೊಡಲಿಲ್ಲ. ಹಸಿದು ಗಾಳ ಕೇಳಿದೆಯಲ್ಲ, ಆಗ ನಕ್ಕೆ. ನನ್ನದು ತಪ್ಪಾಯ್ತು ತಂಗಿ."